ಗ್ರಂಥಪಾಲಕನೂ ಬೋಧಕನೇ: ಹಾರ್ವಿ ಬ್ರ್ಯಾನ್ಸ್‌ಕಮ್ ಮತ್ತು ಅವರ ನಂತರದವರು

ಹೊಸ ಒಡಂಬಡಿಕೆಯ ಅಧ್ಯಯನದಲ್ಲಿ ತೊಡಗಿದವರಲ್ಲಿ ಹಾರ್ವಿ ಬ್ರ್ಯಾನ್ಸ್‌ಕಮ್ ಅವರ ಹೆಸರನ್ನು ಕೇಳಿದವರು ಕೆಲವರಾದರೂ ಇದ್ದಾರು. ಯೇಸುವಿಗೂ ಮೋಶೆಯ ಧರ್ಮಶಾಸ್ತ್ರಕ್ಕೂ ಇದ್ದ ಸಂಬಂಧವನ್ನು ಕುರಿತು ಅವರು 1930ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1937ರಲ್ಲಿ ಮಾರ್ಕನ ಸುವಾರ್ತೆಯ ಮೇಲಿನ ಅವರ ವ್ಯಾಖ್ಯಾನವು ಮಾಫಟ್ ಮಾಲೆಯಲ್ಲಿ ಹೊರಬಂದಿತು. ಆದರೆ ಗ್ರಂಥಾಲಯಗಳ ಇತಿಹಾಸವನ್ನು ಬರೆಯುವವರು ಅವರನ್ನು ನೆನೆಯುವುದು 1940ರಲ್ಲಿ ಪ್ರಕಟವಾದ 'ಟೀಚಿಂಗ್ ವಿತ್ ಬುಕ್ಸ್' ಎಂಬ ಕೃತಿಗಾಗಿ. ದೈವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಕಾಲೇಜು ಗ್ರಂಥಾಲಯಗಳ ಬಗ್ಗೆ ಬರೆದದ್ದು ಆಕಸ್ಮಿಕವಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಸುವಾರ್ತೆಗಳನ್ನು ಬೋಧಿಸುತ್ತಿದ್ದ ಅವರಿಗೆ 1930ರ ದಶಕದಲ್ಲಿ ಅಲ್ಲಿನ ಗ್ರಂಥಾಲಯಗಳ ನಿರ್ದೇಶಕರ ಹೊಣೆಯೂ ಬಂದಿತ್ತು. ತರಗತಿಯ ಪೀಠದಲ್ಲಿ ನಿಂತು ಹೇಳಿದ ಪಾಠವು ಗ್ರಂಥಾಲಯದ ಮೇಜಿನ ಬಳಿ ಏನಾಗುತ್ತದೆ ಎಂಬುದನ್ನು ಎರಡೂ ಕಡೆಯಿಂದ ನೋಡಿದವರು ಅವರು.

ಅಮೆರಿಕದ ಕಾಲೇಜುಗಳ ಸಂಘಕ್ಕಾಗಿ ಕೈಗೊಂಡ ಆ ಅಧ್ಯಯನದ ನಿರ್ಣಯವು ಅಂದಿನವರಿಗೆ ಹಿತವಾಗಿರಲಾರದು. ಪ್ರತಿ ಕಾಲೇಜೂ ತನ್ನ ಗ್ರಂಥಾಲಯದ ಹಿರಿಮೆಯನ್ನು ಸಂಪುಟಗಳ ಎಣಿಕೆಯಿಂದ ಅಳೆಯುತ್ತಿತ್ತು. ಆ ಸಂಪುಟಗಳನ್ನು ವಿದ್ಯಾರ್ಥಿಗಳು ತೆರೆದರೇ ಎಂದು ಕೇಳುವವರು ಕಡಿಮೆ. ಬ್ರ್ಯಾನ್ಸ್‌ಕಮ್ ಅದನ್ನೇ ಕೇಳಿದರು. ಪಠ್ಯಪುಸ್ತಕ ಮತ್ತು ಉಪನ್ಯಾಸದ ಟಿಪ್ಪಣಿಗಳಿಂದಲೇ ತೇರ್ಗಡೆಯಾಗಬಹುದಾದಲ್ಲಿ ವಿದ್ಯಾರ್ಥಿಯು ಗ್ರಂಥಾಲಯಕ್ಕೆ ಬರಬೇಕಾದ ಕಾರಣವಾದರೂ ಏನು? ಹಾಗಾದರೆ ದೋಷವು ಕಪಾಟುಗಳದ್ದಲ್ಲ, ಬೋಧನಾ ಕ್ರಮದ್ದು. ಪ್ರಾಧ್ಯಾಪಕನು ತನ್ನ ಪಾಠವನ್ನು ಗ್ರಂಥಪಾಲಕನಿಗೆ ತಿಳಿಸದೆ ರೂಪಿಸುತ್ತಾನೆ. ಗ್ರಂಥಪಾಲಕನು ಪುಸ್ತಕ ಕೊಂಡು, ವರ್ಗೀಕರಿಸಿ, ಬಾಗಿಲು ತೆರೆದು ಕಾಯುತ್ತಾನೆ. ಇಬ್ಬರ ನಡುವೆ ವಿದ್ಯಾರ್ಥಿಯು ಅನಾಥನಾಗುತ್ತಾನೆ. ಈ ಗೋಡೆಯನ್ನು ಕೆಡವದೆ ಇನ್ನಷ್ಟು ಪುಸ್ತಕ ಕೊಂಡು ಫಲವಿಲ್ಲವೆಂಬುದು ಅವರ ವಾದದ ತಿರುಳೆಂದು ನಾವು ತಿಳಿಯುತ್ತೇವೆ.

ಇದೇ ಮಾತನ್ನು ಮದ್ರಾಸಿನಲ್ಲಿ ಮತ್ತೊಬ್ಬರು ಇನ್ನೊಂದು ದಾರಿಯಿಂದ ಬಂದು ಅದಾಗಲೇ ಹೇಳಿದ್ದರು. ಎಸ್. ಆರ್. ರಂಗನಾಥನ್ ಅವರು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಡ್ವರ್ಡ್ ರಾಸ್ ಎಂಬ ಗಣಿತಾಚಾರ್ಯರ ಶಿಷ್ಯರಾಗಿದ್ದವರು. 1917ರಿಂದ ಕೆಲವು ವರ್ಷ ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಪಾಠ ಹೇಳಿದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದಾಗ ಆ ಕೆಲಸ ಅವರಿಗೆ ಎಷ್ಟು ಬೇಸರ ತರಿಸಿತೆಂದರೆ, ಮತ್ತೆ ತರಗತಿಗೆ ಹಿಂದಿರುಗಲು ಅವರು ಪ್ರಯತ್ನಿಸಿದರು. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ಕಂಡು ಬಂದ ಮೇಲೆ ಅವರ ಮನಸ್ಸು ತಿರುಗಿತು. ಗ್ರಂಥಾಲಯಶಾಸ್ತ್ರಕ್ಕೆ ಮೂಲತತ್ತ್ವಗಳು ಯಾವುವೆಂದು 1928ರಲ್ಲಿ ಅವರು ತಲೆ ಕೆಡಿಸಿಕೊಂಡಿದ್ದಾಗ, ಭೇಟಿಗೆ ಬಂದ ಗುರು ರಾಸ್ ಅವರೇ, ಪುಸ್ತಕಗಳಿರುವುದು ಉಪಯೋಗಕ್ಕಾಗಿ ಎಂಬುದೇ ನಿನ್ನ ಮೊದಲನೆಯ ನಿಯಮವಲ್ಲವೇ ಎಂಬರ್ಥದ ಮಾತನ್ನಾಡಿದರಂತೆ. 1931ರಲ್ಲಿ ಪ್ರಕಟವಾದ ಐದು ನಿಯಮಗಳಲ್ಲಿ ಅದೇ ಮೊದಲನೆಯದಾಯಿತು. ಗ್ರಂಥಾಲಯಶಾಸ್ತ್ರದ ಅಡಿಗಲ್ಲು ಒಬ್ಬ ಶಿಕ್ಷಕ ಮತ್ತು ಒಬ್ಬ ಗ್ರಂಥಪಾಲಕನ ಸಂಭಾಷಣೆಯಲ್ಲಿ ಇಡಲ್ಪಟ್ಟಿತೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ.

ಆದರೆ ತತ್ತ್ವವು ಒಂದು, ಅದನ್ನು ನಡೆಸುವುದು ಇನ್ನೊಂದು. ಡೆಟ್ರಾಯಿಟಿನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ಮಾಂಟೀತ್ ಕಾಲೇಜಿನಲ್ಲಿ ಪೆಟ್ರೀಷಿಯಾ ನ್ಯಾಪ್ ಅವರು 1960ರ ದಶಕದ ಆರಂಭದಲ್ಲಿ ಗ್ರಂಥಾಲಯದ ಅಭ್ಯಾಸಗಳನ್ನು ಪಠ್ಯಕ್ರಮದೊಳಗೇ ಹೆಣೆಯಲು ಪ್ರಯೋಗ ನಡೆಸಿದರು. ವಿದ್ಯಾರ್ಥಿಗಳಿಗಿಂತ ಬೋಧಕರನ್ನು ಒಲಿಸುವುದೇ ಕಷ್ಟವೆಂಬುದು ಅಲ್ಲಿ ಕಂಡುಬಂದಿತು. ಸೆಮಿನರಿಯ ಗ್ರಂಥಾಲಯದಲ್ಲಿ ಕೆಲಸ ಮಾಡಿದವರು ಇದನ್ನು ಓದಿ ಮುಗುಳ್ನಗುವರೆಂದು ನಮ್ಮ ಊಹೆ.

ಈ ಕೆಲಸ ಬೇರೂರಿದ್ದು ಇಂಡಿಯಾನಾ ರಾಜ್ಯದ ರಿಚ್ಮಂಡ್ ಎಂಬ ಸಣ್ಣ ಪಟ್ಟಣದ ಅರ್ಲಮ್ ಕಾಲೇಜಿನಲ್ಲಿ. ಅದು ಕ್ವೇಕರರ ಸಂಸ್ಥೆ. 1962ರಲ್ಲಿ ಅಲ್ಲಿಗೆ ಮುಖ್ಯ ಗ್ರಂಥಪಾಲಕರಾಗಿ ಬಂದ ಇವಾನ್ ಫಾರ್ಬರ್ 1994ರವರೆಗೆ ಅಲ್ಲಿಯೇ ಉಳಿದರು. ಅವರ ಕ್ರಮವು ಸರಳ. ವರ್ಷಾರಂಭದಲ್ಲಿ ಹೊಸಬರನ್ನು ಕಪಾಟುಗಳ ನಡುವೆ ಸುತ್ತಾಡಿಸಿ, ಇದು ಸೂಚಿ, ಅದು ವಿಶ್ವಕೋಶ ಎಂದು ತೋರಿಸಿದರೆ ಸಾಲದೆಂದು ಅವರು ಬಲ್ಲರು. ಬೇಕಾಗದ ಹೊತ್ತಿನಲ್ಲಿ ಕಲಿಸಿದ್ದು ಬೇಕಾದ ಹೊತ್ತಿಗೆ ನೆನಪಿರುವುದಿಲ್ಲ. ನಮ್ಮ ಸೆಮಿನರಿಗಳಲ್ಲಿಯೂ ಮೊದಲ ವಾರದ ಆ ಪ್ರದಕ್ಷಿಣೆ ಇನ್ನೂ ನಡೆದೇ ಇದೆ. ಫಾರ್ಬರ್ ಮತ್ತು ಅವರ ಸಹೋದ್ಯೋಗಿಗಳು ಮೊದಲು ಪ್ರಾಧ್ಯಾಪಕನ ಬಳಿಗೆ ಹೋದರು. ಈ ಬಾರಿ ಯಾವ ಪ್ರಬಂಧವನ್ನು ಬರೆಸುವಿರಿ, ವಿದ್ಯಾರ್ಥಿಯು ಅದರಿಂದ ಏನನ್ನು ಕಲಿಯಬೇಕು, ಅದಕ್ಕೆ ಯಾವ ಆಕರಗಳು ಬೇಕು ಎಂದು ಇಬ್ಬರೂ ಕೂಡಿ ಯೋಚಿಸಿದರು. ವಿದ್ಯಾರ್ಥಿಗೆ ಪ್ರಬಂಧದ ಚಿಂತೆ ಹತ್ತಿದ ಹೊತ್ತಿಗೆ ಗ್ರಂಥಪಾಲಕನು ತರಗತಿಗೆ ಬಂದು, ಆ ವಿಷಯಕ್ಕೆಂದೇ ಸಿದ್ಧಪಡಿಸಿದ ಆಕರಗಳ ಪಟ್ಟಿಯನ್ನು ಹಿಡಿದು ಹುಡುಕುವ ದಾರಿಯನ್ನು ತೋರಿಸಿದನು. ಮುಂದಿನ ವರ್ಷದ ವಿಷಯದಲ್ಲಿ ಅದಕ್ಕಿಂತ ಕಠಿಣವಾದ ದಾರಿ.

ಇದನ್ನು ಓದುವಾಗ ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯವು ನಮ್ಮ ನೆನಪಿಗೆ ಬರುತ್ತದೆ. ಫಿಲಿಪ್ಪನು ಯೆಶಾಯನ ಸುರುಳಿಯನ್ನು ಕಂಚುಕಿಗೆ ಕೊಟ್ಟವನಲ್ಲ; ಸುರುಳಿಯು ಅವನ ಬಳಿ ಆಗಲೇ ಇತ್ತು. ಓದು ಕಗ್ಗಂಟಾದ ಸಾಲಿನ ಬಳಿಗೆ ಸರಿಯಾದ ಹೊತ್ತಿನಲ್ಲಿ ಬಂದು ರಥವನ್ನು ಹತ್ತಿ ಪಕ್ಕದಲ್ಲಿ ಕುಳಿತನು, ಅಷ್ಟೇ. ಈ ಹೋಲಿಕೆಯನ್ನು ಹೆಚ್ಚು ಎಳೆಯುವುದು ಬೇಡ, ಗ್ರಂಥಪಾಲಕನು ಸುವಾರ್ತಿಕನಲ್ಲ. ಆದರೂ ಯಾಜಕವರ್ಗವೆಂಬ ಪ್ರತ್ಯೇಕ ಮೆಟ್ಟಿಲನ್ನು ಒಪ್ಪದ ಕ್ವೇಕರರ ಕಾಲೇಜಿನಲ್ಲಿ ಪ್ರಾಧ್ಯಾಪಕನೂ ಗ್ರಂಥಪಾಲಕನೂ ಸಮಾನರಾಗಿ ಕುಳಿತು ಪಾಠ ಕಟ್ಟಿದ್ದು ತೀರ ಆಶ್ಚರ್ಯದ ಸಂಗತಿಯೆಂದು ನಮಗೆ ತೋರುವುದಿಲ್ಲ. ಸಣ್ಣ ಕಾಲೇಜುಗಳು ದೊಡ್ಡ ವಿಶ್ವವಿದ್ಯಾಲಯಗಳ ಗ್ರಂಥಾಲಯವನ್ನು ಅನುಕರಿಸುವ ಚಟವನ್ನು ಫಾರ್ಬರ್ 1974ರಲ್ಲಿ ಒಂದು ರೋಗವೆಂದೇ ಕರೆದರು. ಹತ್ತಿಪ್ಪತ್ತು ಸಾವಿರ ಪುಸ್ತಕಗಳ ಸೆಮಿನರಿಗಳಿಗೆ ಇದಕ್ಕಿಂತ ಧೈರ್ಯ ಕೊಡುವ ಮಾತು ಬೇರೊಂದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ಬರಹ ಸುಖಾಂತವಾಗುತ್ತಿತ್ತು. ಆದರೆ ಬ್ರ್ಯಾನ್ಸ್‌ಕಮ್ ಅವರ ಕಥೆ 1940ಕ್ಕೆ ಮುಗಿಯಲಿಲ್ಲ. 1946ರಲ್ಲಿ ಅವರು ನ್ಯಾಶ್‌ವಿಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಚಾನ್ಸಲರ್ ಆದರು. ವರ್ಣಭೇದವೇ ಕಾನೂನಾಗಿದ್ದ ಆ ನಾಡಿನಲ್ಲಿ, ಅವರ ಆಡಳಿತದಲ್ಲಿಯೇ, 1953ರಲ್ಲಿ ಅಲ್ಲಿನ ದೈವಶಾಸ್ತ್ರ ವಿಭಾಗವು ಜೋಸೆಫ್ ಜಾನ್ಸನ್ ಎಂಬ ಮೊದಲ ಕಪ್ಪುವರ್ಣೀಯ ವಿದ್ಯಾರ್ಥಿಯನ್ನು ಸೇರಿಸಿಕೊಂಡಿತು. 1958ರಲ್ಲಿ ಅದೇ ವಿಭಾಗಕ್ಕೆ ಜೇಮ್ಸ್ ಲಾಸನ್ ಬಂದರು. ಅವರು ಮೆಥೊಡಿಸ್ಟ್ ಸಭೆಯ ಮಿಷನರಿಯಾಗಿ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ 1953ರಿಂದ 1956ರವರೆಗೆ ಇದ್ದು, ಗಾಂಧೀಜಿಯವರ ಸತ್ಯಾಗ್ರಹವನ್ನು ಅಭ್ಯಾಸ ಮಾಡಿ ಮರಳಿದವರು. ನ್ಯಾಶ್‌ವಿಲ್ಲಿನ ವಿದ್ಯಾರ್ಥಿಗಳಿಗೆ ಅವರು ಅಹಿಂಸೆಯ ತರಬೇತಿ ಕೊಟ್ಟರು. 1960ರ ಫೆಬ್ರವರಿಯಲ್ಲಿ ಆ ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಉಪಾಹಾರದ ಕಟ್ಟೆಗಳಲ್ಲಿ ಕುಳಿತರು. ಮಾರ್ಚ್ ಆರಂಭದಲ್ಲಿ ವಿಶ್ವಸ್ತ ಮಂಡಳಿಯ ಕಾರ್ಯಕಾರಿ ಸಮಿತಿಯು ಲಾಸನ್‌ರನ್ನು ಹೊರಹಾಕಲು ತೀರ್ಮಾನಿಸಿತು. ಚಾನ್ಸಲರ್ ಅದನ್ನು ಜಾರಿಗೊಳಿಸಿದರು. ದೈವಶಾಸ್ತ್ರ ವಿಭಾಗದ ಡೀನ್ ರಾಬರ್ಟ್ ನೆಲ್ಸನ್ ಮೊದಲಾದ ಬೋಧಕರು ರಾಜೀನಾಮೆ ಕೊಟ್ಟರು. ಲಾಸನ್ ತಮ್ಮ ಪದವಿಯನ್ನು ಬಾಸ್ಟನ್ನಿನಲ್ಲಿ ಪಡೆದರು.

ಪಠ್ಯಪುಸ್ತಕದಾಚೆಗೆ ಓದಲು ವಿದ್ಯಾರ್ಥಿಗೆ ಸ್ವಾತಂತ್ರ್ಯವಿರಬೇಕೆಂದು ವಾದಿಸಿದ ವಿದ್ವಾಂಸರೇ, ಹಾಗೆ ಓದಿ ಅದರಂತೆ ನಡೆದ ವಿದ್ಯಾರ್ಥಿಯನ್ನು ಕಳಿಸಿಬಿಟ್ಟರಲ್ಲ ಎಂದು ಹೇಳುವುದು ಸುಲಭ. ನಾವು ಹಾಗೆ ಹೇಳಿ ಮುಗಿಸಲಾರೆವು. ಜಾನ್ಸನ್‌ರಿಗೆ ಬಾಗಿಲು ತೆರೆದದ್ದೂ ಅವರ ಕಾಲದಲ್ಲಿಯೇ. ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಡುವುದಿಲ್ಲ. ಪ್ರಾಧ್ಯಾಪಕ ಮತ್ತು ಗ್ರಂಥಪಾಲಕರ ಸಹಕಾರವನ್ನು ಕುರಿತು ನಾವು ಮಾತನಾಡುವಾಗ, ಆ ಸಹಕಾರದಲ್ಲಿ ವಿದ್ಯಾರ್ಥಿಯು ಮೂರನೆಯ ಪಾಲುದಾರನೋ, ಇಲ್ಲವೇ ಇಬ್ಬರೂ ಕೂಡಿ ರೂಪಿಸುವ ಮಣ್ಣೋ? 1940ರ ಪುಸ್ತಕವು ಗ್ರಂಥಾಲಯದ ಬಳಕೆಯನ್ನು ಚರ್ಚಿಸಿತು. ಓದಿದವನು ಓದಿನ ಬಲದಿಂದ ಸಂಸ್ಥೆಯನ್ನೇ ಪ್ರಶ್ನಿಸಿದರೆ ಏನಾಗಬೇಕೆಂಬುದು ಅದರ ವಿಷಯವಾಗಿರಲಿಲ್ಲ. ನಮ್ಮ ಸೆಮಿನರಿಗಳಲ್ಲಿ ಪ್ರಬಂಧದ ವಿಷಯವನ್ನು ಒಪ್ಪುವ ಸಮಿತಿಗಳೂ ಈ ಪ್ರಶ್ನೆಯನ್ನು ಆಗಾಗ ಎದುರಿಸುತ್ತವೆ, ಬಹುಮಟ್ಟಿಗೆ ಮೌನವಾಗಿ.

ಲಾಸನ್ ದೀರ್ಘಕಾಲ ಬಾಳಿ 2024ರಲ್ಲಿ ತೀರಿಕೊಂಡರು. 2006ರಲ್ಲಿ ಅವರು ಅದೇ ವ್ಯಾಂಡರ್‌ಬಿಲ್ಟಿಗೆ ಸಂದರ್ಶಕ ಪ್ರಾಧ್ಯಾಪಕರಾಗಿ ಹಿಂದಿರುಗಿದ್ದರು. ಮುಂದೆ ತಮ್ಮ ಕಾಗದಪತ್ರಗಳ ದೊಡ್ಡ ಭಾಗವನ್ನು ಆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೇ ಕೊಟ್ಟರು. ಇಂದು ಅವುಗಳನ್ನು ನೋಡಬಯಸುವ ವಿದ್ಯಾರ್ಥಿಯು ವಿಶೇಷ ಸಂಗ್ರಹಗಳ ವಿಭಾಗಕ್ಕೆ ಹೋಗಿ, ಅಲ್ಲಿನ ಗ್ರಂಥಪಾಲಕರ ನೆರವಿನಿಂದ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ತರಿಸಿಕೊಂಡು ಓದಬಹುದು.