ನೆಲದೊಳಗಣ ಕಟ್ಟಡವೂ ನೀರಿನ ಬಾಧೆಯೂ

ನೆಲವನ್ನು ಅಗೆದು ಕಟ್ಟುವವನಿಗೆ ಮೊದಲನೆಯ ಶತ್ರು ನೀರು. ಕನ್ನಡನಾಡಿನ ಬಯಲುಸೀಮೆಯ ಒಕ್ಕಲುಮಕ್ಕಳು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ರಾಗಿಯನ್ನೋ ಜೋಳವನ್ನೋ ವರ್ಷಗಟ್ಟಲೆ ಕಾಪಾಡಬೇಕಾದಾಗ ಅವರು ಹಗೇವನ್ನು ತೋಡುತ್ತಿದ್ದರು. ಅದರ ಬಾಯಿ ಕಿರಿದು, ಒಡಲು ವಿಶಾಲ; ಒಳಗೆ ಹುಲ್ಲಿನ ಹೊದಿಕೆ, ಮೇಲೆ ಕಲ್ಲುಚಪ್ಪಡಿ, ಅದರ ಮೇಲೆ ಮಣ್ಣು. ಆದರೆ ಹುಲ್ಲು ಮಣ್ಣುಗಳಿಗಿಂತ ಮೊದಲು ಅವರು ವಿಚಾರಿಸುತ್ತಿದ್ದುದು ಸ್ಥಳವನ್ನು. ಮಳೆಯ ನೀರು ನಿಲ್ಲದ, ಒರತೆ ಏಳದ, ಗಟ್ಟಿಮಣ್ಣಿನ ದಿಣ್ಣೆಯೇ ಹಗೇವಿಗೆ ತಕ್ಕ ನೆಲ. ತಗ್ಗಿನಲ್ಲಿ ತೋಡಿದ ಹಗೇವಿಗೆ ಎಷ್ಟು ಹುಲ್ಲು ಹಾಸಿದರೂ ಧಾನ್ಯವು ಮುಗ್ಗದೆ ಉಳಿಯದು. ನೀರನ್ನು ತಡೆಯುವ ವಿದ್ಯೆಯಲ್ಲಿ ನೆಲದ ಪರೀಕ್ಷೆಯೇ ಮೊದಲು, ಲೇಪವು ಆಮೇಲೆ ಎಂಬ ಈ ತತ್ತ್ವವು ಸಿಂಧೂತೀರದ ಒಂದು ಪುರಾತನ ನಗರದ ಚರಿತ್ರೆಯಿಂದ ಇನ್ನೂ ವಿಶದವಾಗುತ್ತದೆ.

ಆ ನಗರವೇ ಮೊಹೆಂಜೊದಾರೊ. ಇಂದು ಪಾಕಿಸ್ತಾನದ ಸಿಂಧ್ ಪ್ರಾಂತಕ್ಕೆ ಸೇರಿರುವ ಈ ಸ್ಥಳದಲ್ಲಿ ರಾಖಾಲದಾಸ ಬ್ಯಾನರ್ಜಿಯವರು ೧೯೨೨ರಲ್ಲಿ ಉತ್ಖನನವನ್ನು ಆರಂಭಿಸಿದರು. ಸರ್ ಜಾನ್ ಮಾರ್ಷಲ್ಲರ ಆಡಳಿತದಲ್ಲಿ ೧೯೨೫-೨೬ರಲ್ಲಿ ನಡೆದ ಅಗೆತದಿಂದ ಅಲ್ಲಿಯ ಮಹಾಸ್ನಾನಕುಂಡವು ಬೆಳಕಿಗೆ ಬಂದಿತು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಈ ಕುಂಡವು ಸುಮಾರು ೧೨ ಮೀಟರ್ ಉದ್ದ, ೭ ಮೀಟರ್ ಅಗಲ, ೨.೪ ಮೀಟರ್ ಆಳವುಳ್ಳದ್ದು. ಉತ್ತರದಲ್ಲಿಯೂ ದಕ್ಷಿಣದಲ್ಲಿಯೂ ಇಳಿಯಲು ಮೆಟ್ಟಿಲುಗಳಿವೆ. ಇದು ಯಾವ ವಿಧಿಗಾಗಿ ನಿರ್ಮಿತವಾಯಿತೆಂಬುದನ್ನು ಹೇಳುವ ಲಿಖಿತವಿಲ್ಲ. ಹೇಗೆ ನಿರ್ಮಿತವಾಯಿತೆಂಬುದನ್ನು ಮಾತ್ರ ಇಟ್ಟಿಗೆಗಳೇ ಹೇಳುತ್ತವೆ.

ಹಗೇವಿನಲ್ಲಿ ನೀರು ಒಳಗೆ ಬರಬಾರದು. ಕುಂಡದಲ್ಲಿ ನೀರು ಹೊರಗೆ ಹೋಗಬಾರದು. ಇವೆರಡೂ ಒಂದೇ ವಿದ್ಯೆಯ ಎರಡು ಮುಖಗಳು. ಮೊಹೆಂಜೊದಾರೊವಿನ ಶಿಲ್ಪಿಗಳು ಚೆನ್ನಾಗಿ ಸುಟ್ಟ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ, ಸಂದು ಕಾಣದಂತೆ ಒತ್ತೊತ್ತಾಗಿ ಜೋಡಿಸಿ, ಜಿಪ್ಸಂ ಗಾರೆಯಿಂದ ಕುಂಡದ ನೆಲವನ್ನು ಬಿಗಿದರು. ಸುತ್ತಲಿನ ಗೋಡೆಯ ಹಿಂಬದಿಗೆ ಬಿಟುಮೆನ್ ಎಂಬ ನೈಸರ್ಗಿಕ ಡಾಂಬರನ್ನು ಸುಮಾರು ಒಂದು ಅಂಗುಲ ದಪ್ಪಕ್ಕೆ ಬಳಿದರು. ಆ ಡಾಂಬರಿನ ಹಿಂದೆ ಮತ್ತೊಂದು ಇಟ್ಟಿಗೆಯ ಗೋಡೆಯನ್ನು ಎತ್ತಿದರು. ಹೀಗೆ ಲೇಪವು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಒಳಗಿನ ನೀರು ಎಷ್ಟೇ ಒತ್ತಿದರೂ ಹೊರಗೋಡೆಯ ಆಸರೆಯಿಂದ ಅದು ಕಳಚಲಾರದು. ಒಳಗೋಡೆಯ ಮರೆಯಿರುವುದರಿಂದ ಬಿಸಿಲಿಗೂ ಕಾಲುಗಳ ತುಳಿತಕ್ಕೂ ಈಡಾಗದು. ಇಂದಿನ ನಗರಗಳಲ್ಲಿ ನೆಲಮಾಳಿಗೆಯನ್ನು ಕಟ್ಟುವಾಗಲೂ ಲೇಪವನ್ನು ಗೋಡೆಯ ಹೊರಮೈಗೆ, ಎಂದರೆ ನೀರು ಬಂದು ಒತ್ತುವ ಕಡೆಗೆ ಬಳಿದು, ಅದರ ರಕ್ಷಣೆಗೆ ಮತ್ತೊಂದು ತೆಳುಗೋಡೆಯನ್ನು ಕಟ್ಟುವುದುಂಟು. ಒಳಮೈಗೆ ಮಾತ್ರ ಬಳಿದ ಲೇಪವನ್ನು ಹೊರಗಿನ ನೀರು ಹಿಂದಿನಿಂದ ತಳ್ಳಿ ಸುಲಭವಾಗಿ ಎಬ್ಬಿಸುತ್ತದೆ. ಕಾರಣವು ಅಂದಿಗೂ ಇಂದಿಗೂ ಒಂದೇ.

ಆದರೂ ಆ ಶಿಲ್ಪಿಗಳು ಲೇಪವೊಂದನ್ನೇ ನಂಬಿ ಕುಳಿತವರಲ್ಲ. ಕುಂಡದ ನೈರುತ್ಯ ಮೂಲೆಯಲ್ಲಿ ನೀರು ಹೊರಹೋಗುವ ಕಿಂಡಿಯಿದೆ. ಅಲ್ಲಿಂದ ಮುಂದೆ, ಇಟ್ಟಿಗೆಗಳನ್ನು ಮೆಟ್ಟಿಲುಮೆಟ್ಟಿಲಾಗಿ ಚಾಚಿ ಮೇಲ್ಗಡೆ ಮುಚ್ಚಿದ, ಮನುಷ್ಯನು ನೆಟ್ಟಗೆ ನಿಲ್ಲಬಹುದಾದಷ್ಟು ಎತ್ತರದ ಮೋರಿಯಿದೆ. ನಗರದ ಬೀದಿಗಳಲ್ಲೆಲ್ಲ ಮುಚ್ಚಿದ ಚರಂಡಿಗಳಿದ್ದುವು. ನೀರಿಗೆ ಹೋಗಲು ಹಾದಿ ಕೊಟ್ಟ ಬಳಿಕವೇ ಅದಕ್ಕೆ ತಡೆಯೊಡ್ಡಬೇಕೆಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ.

ಲೇಪದ ವಿದ್ಯೆಯು ಸಂಸ್ಕೃತ ಗ್ರಂಥಗಳಲ್ಲಿಯೂ ಆದರಣೀಯವಾಗಿತ್ತು. ಆರನೆಯ ಶತಮಾನದ ವರಾಹಮಿಹಿರಾಚಾರ್ಯನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಬೇಲದ ಎಳೆಗಾಯಿ, ಬೂರುಗದ ಹೂ ಮೊದಲಾದುವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಿ, ಗುಗ್ಗುಳ, ಸರ್ಜರಸ ಮುಂತಾದ ಅಂಟುರಾಳಗಳನ್ನು ಕೂಡಿಸಿ, ಬಿಸಿಯಾಗಿರುವಾಗಲೇ ಪ್ರಾಸಾದಗಳಿಗೂ ಪ್ರತಿಮೆಗಳಿಗೂ ಗೋಡೆಗಳಿಗೂ ಬಾವಿಗಳಿಗೂ ಬಳಿಯಬೇಕೆಂದು ಅವನ ವಿಧಾನ. ಅದು ಸಹಸ್ರಾರು ವರ್ಷ ನಿಲ್ಲುವುದೆಂದು ಆಚಾರ್ಯನ ಭರವಸೆ. ಆದರೆ ಎಷ್ಟೇ ಒಳ್ಳೆಯ ಲೇಪವಾದರೂ ಗೋಡೆಯ ಮೈಯನ್ನು ಕಾಯಬಲ್ಲುದೇ ಹೊರತು, ಗೋಡೆಯ ಬುಡವು ನಿಂತ ನೆಲವನ್ನು ಕಾಯಲಾರದು. ಇದನ್ನು ಮೊಹೆಂಜೊದಾರೊವಿನ ಉತ್ತರಕಥೆಯು ತೋರಿಸುತ್ತದೆ.

ಸಿಂಧೂನದಿಗೆ ಸಕ್ಕರ್ ಬಳಿ ಕಟ್ಟಿದ ದೊಡ್ಡ ಅಣೆಕಟ್ಟು ೧೯೩೨ರಲ್ಲಿ ಪ್ರಾರಂಭವಾಯಿತು. ಕಾಲುವೆಗಳು ಹರಿದುವು, ಬರಡುನೆಲವು ಹಸುರಾಯಿತು. ಅದರೊಡನೆಯೇ ಸುತ್ತಲಿನ ಅಂತರ್ಜಲವೂ ಮೇಲಕ್ಕೆ ಏರಿತು. ೧೯೫೦ರಲ್ಲಿ ಮಾರ್ಟಿಮರ್ ವೀಲರರು ನಗರದ ತಳವನ್ನು ಮುಟ್ಟಲೆಂದು ಆಳವಾಗಿ ಅಗೆಸಿದಾಗ ಗುಂಡಿಯು ನೀರಿನಿಂದ ತುಂಬಿತು. ಪಂಪುಗಳನ್ನು ಹಚ್ಚಿದರೂ ತಳವು ದೊರೆಯಲಿಲ್ಲ. ಮುಂದೆ ೧೯೬೪-೬೫ರಲ್ಲಿ ಜಾರ್ಜ್ ಡೇಲ್ಸರು ಕೊಳವೆಗಳಿಂದ ಕೊರೆಯಿಸಿ ನೋಡಿದಾಗ ಈಗಿನ ಬಯಲಿನ ಮಟ್ಟದಿಂದ ಸುಮಾರು ೩೯ ಅಡಿಗಳವರೆಗೂ ಜನವಸತಿಯ ಕುರುಹುಗಳು ಸಿಕ್ಕಿದುವು. ನಗರದ ಅತ್ಯಂತ ಹಳೆಯ ಚರಿತ್ರೆಯು ನೀರಿನಲ್ಲಿ ಮುಳುಗಿದೆ.

ಮೇಲಿರುವ ಭಾಗಕ್ಕೂ ಕ್ಷೇಮವಿಲ್ಲ. ದೀಪದ ಬತ್ತಿಯು ಎಣ್ಣೆಯನ್ನು ಹೀರುವಂತೆ ಇಟ್ಟಿಗೆಯು ನೆಲದ ತೇವವನ್ನು ಹೀರಿ ಮೇಲಕ್ಕೆಳೆಯುತ್ತದೆ. ಸಿಂಧ್‌ನ ಬಿರುಬಿಸಿಲಿಗೆ ನೀರು ಆರಿಹೋಗಿ, ಅದರಲ್ಲಿ ಕರಗಿದ್ದ ಉಪ್ಪು ಇಟ್ಟಿಗೆಯ ರಂಧ್ರಗಳಲ್ಲಿ ಹರಳುಗಟ್ಟಿ ಉಬ್ಬುತ್ತದೆ. ಆಗ ನಾಲ್ಕು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿದ ಇಟ್ಟಿಗೆಯು ಪುಡಿಪುಡಿಯಾಗಿ ಉದುರುತ್ತದೆ. ಮನೆಯ ಗೋಡೆಯ ಬುಡದಲ್ಲಿ ಸುಣ್ಣವು ಹಪ್ಪಳದಂತೆ ಎದ್ದು ಬೀಳುವುದನ್ನು ಕಂಡವರಿಗೆ ಈ ರೋಗವು ಅಪರಿಚಿತವಲ್ಲ. ಯುನೆಸ್ಕೊ ಸಂಸ್ಥೆಯು ೧೯೭೪ರಿಂದ ೧೯೯೭ರವರೆಗೆ ಈ ನಗರದ ರಕ್ಷಣೆಗಾಗಿ ಅಂತರರಾಷ್ಟ್ರೀಯ ಕಾರ್ಯವನ್ನು ನಡೆಯಿಸಿತು. ಸುತ್ತಲೂ ಕೊಳವೆಬಾವಿಗಳನ್ನು ತೋಡಿ ಅಂತರ್ಜಲವನ್ನು ಇಳಿಸಲು ಯತ್ನಿಸಿದರು. ಮೇಸ್ತ್ರಿಗಳು ಡಿ.ಪಿ.ಸಿ. ಎನ್ನುವ ತೇವತಡೆಯ ಪದರವನ್ನು ಹಳೆಯ ಗೋಡೆಗಳ ಬುಡದಲ್ಲಿ ತೂರಿಸಿದರು. ಇಟ್ಟಿಗೆಗೆ ಬದಲಾಗಿ ತಾನೇ ಉಪ್ಪನ್ನು ಹೀರಿಕೊಂಡು ಉದುರಲೆಂದು ಮಣ್ಣಿನ ಲೇಪವನ್ನೂ ಕೊಟ್ಟರು. ಅಷ್ಟಾದರೂ ೨೦೨೨ರ ಅತಿವೃಷ್ಟಿಯಲ್ಲಿ ಕೆಲವು ಗೋಡೆಗಳು ಕುಸಿದುವು.

ಇದರಿಂದ ಪ್ರಾಚೀನ ಶಿಲ್ಪಿಗಳ ಕೌಶಲಕ್ಕೆ ಕುಂದು ಬಾರದು. ಅವರು ತಮ್ಮ ಕಾಲದ ನೀರಿನ ಮಟ್ಟವನ್ನು ಅರಿತು, ಎತ್ತರದ ಜಗಲಿಗಳ ಮೇಲೆ ಕಟ್ಟಿದರು. ಆ ಮಟ್ಟವನ್ನು ಏರಿಸಿದವರು ಅನಂತರದವರು. ಏರಿಸಿದ್ದೂ ದುರುದ್ದೇಶದಿಂದಲ್ಲ, ಜನರ ಅನ್ನಕ್ಕಾಗಿ. ಒಂದು ಕಡೆಯ ಬೆಳೆಗೆ ಹರಿದ ನೀರೇ ಇನ್ನೊಂದು ಕಡೆಯ ಗೋಡೆಗೆ ಮೃತ್ಯುವಾಯಿತು. ಆದುದರಿಂದ ನೆಲಮಾಳಿಗೆಯನ್ನು ಕಟ್ಟಿಸುವ ಗೃಹಸ್ಥನು ಯಾವ ಲೇಪವು ಉತ್ತಮವೆಂದು ಕೇಳುವುದಕ್ಕಿಂತ ಮೊದಲು, ಮಳೆಗಾಲದಲ್ಲಿ ಪಕ್ಕದ ಬಾವಿಯ ನೀರು ಎಷ್ಟು ಮೇಲಕ್ಕೆ ಬರುವುದು, ನೆರೆಯ ಕೆರೆಕಾಲುವೆಗಳು ಎಲ್ಲಿ ಹರಿಯುವುವು ಎಂದು ಕೇಳುವುದು ಯುಕ್ತ. ಹಗೇವನ್ನು ತೋಡಿದ ಒಕ್ಕಲಿಗನು ಕೇಳುತ್ತಿದ್ದುದೂ ಇದನ್ನೇ.