ಇರುಳು ಮೇಯುವ ಮೀನು, ಹಗಲಲ್ಲಿ ಬರೆದ ಚರಿತ್ರೆ: ಬುಲ್ಸ್ ಐ ಅಧ್ಯಯನದ ಎರಡೂವರೆ ಶತಮಾನ

ಮಲ್ಪೆ, ಮಂಗಳೂರುಗಳ ಟ್ರಾಲ್ ಬೋಟುಗಳು ಇಳಿಸುವ ಮೀನಿನಲ್ಲಿ ಅಂಗೈಗಿಂತ ಉದ್ದದ, ಕೆಂಪು ಮೈಯ, ಮುಖದ ಅಳತೆಗೆ ಮೀರಿದ ಕಣ್ಣುಳ್ಳ ಒಂದು ಮೀನು ಕಾಣಸಿಗುತ್ತದೆ. ಮೀನುಗಾರಿಕೆ ವರದಿಗಳು ಅದನ್ನು ಬುಲ್ಸ್ ಐ ಎನ್ನುತ್ತವೆ. ಶಾಸ್ತ್ರೀಯ ಹೆಸರು ಪ್ರಿಯಾಕ್ಯಾಂಥಸ್ ಹ್ಯಾಮ್ರುರ್. ಇದು ರಾತ್ರಿ ಮೇಯುವ ಮೀನು. ಆದರೆ ಇದರ ಬಗ್ಗೆ ಬರೆದವರು ಸುಮಾರು ಇನ್ನೂರು ವರ್ಷ ಸತ್ತ ಮೀನನ್ನು ಹಗಲು ಬೆಳಕಿನಲ್ಲಿ ಎದುರಿಗಿಟ್ಟುಕೊಂಡೇ ಬರೆದರು. ನಮ್ಮ ತಿಳಿವಳಿಕೆ ಹೇಗೆ ಬೆಳೆಯಿತು, ಎಲ್ಲಿ ಕುಂಟಿತು ಎಂಬುದಕ್ಕೆ ಈ ಸಂಗತಿಯೇ ಕೀಲಿಕೈ.

ಮೊದಲ ವರ್ಣನೆ ಪೀಟರ್ ಫೋರ್ಸ್ಕಾಲ್‌ನದು. ಲಿನೇಯಸ್‌ನ ಶಿಷ್ಯನಾದ ಈತ 1761ರಲ್ಲಿ ಕೋಪನ್‌ಹೇಗನ್‌ನಿಂದ ಹೊರಟ ಡೆನ್ಮಾರ್ಕಿನ ಅರೇಬಿಯಾ ಯಾತ್ರೆಯ ಜೀವವಿಜ್ಞಾನಿ. ಕೆಂಪು ಸಮುದ್ರದ ತೀರದುದ್ದಕ್ಕೂ ಮೀನು ಸಂಗ್ರಹಿಸಿದ. 1763ರ ಜುಲೈನಲ್ಲಿ ಯೆಮನ್‌ನ ಯರೀಮ್‌ನಲ್ಲಿ ಮಲೇರಿಯಾ ಅವನನ್ನು ಬಲಿ ತೆಗೆದುಕೊಂಡಿತು. ಆಗ ಅವನಿಗೆ ಮೂವತ್ತೊಂದು. ತಂಡದಲ್ಲಿ ಬದುಕಿ ಊರಿಗೆ ಮರಳಿದವನು ಕಾರ್ಸ್ಟನ್ ನೀಬೂರ್ ಒಬ್ಬನೇ. ಗೆಳೆಯನ ಟಿಪ್ಪಣಿಗಳನ್ನು ಅವನು 1775ರಲ್ಲಿ ಲ್ಯಾಟಿನ್‌ನಲ್ಲಿ ಅಚ್ಚು ಹಾಕಿಸಿದ. ಫೋರ್ಸ್ಕಾಲ್ ಮೀನಿನ ಒಂದು ಮಗ್ಗುಲ ಚರ್ಮವನ್ನು ಸುಲಿದು, ಒತ್ತಿ ಒಣಗಿಸಿ, ಗಿಡಮೂಲಿಕೆಯ ಎಲೆಯಂತೆ ಹಾಳೆಗೆ ಅಂಟಿಸುತ್ತಿದ್ದ. ಅಂಥ ಹಲವು ಹಾಳೆಗಳು ಇಂದಿಗೂ ಕೋಪನ್‌ಹೇಗನ್‌ನ ಪ್ರಾಣಿ ಸಂಗ್ರಹಾಲಯದಲ್ಲಿವೆ. 1775ರ ಆ ಒಂದೇ ಪುಸ್ತಕದಲ್ಲಿ ಹವಳದ ದಿಬ್ಬದ ಮೂರು ಕೆಂಪು ಇರುಳುಮೀನುಗಳಿವೆ: ಹ್ಯಾಮ್ರುರ್, ಮುರ್ಜಾನ್, ರೂಬ್ರ. ಮೂರನ್ನೂ ಆತ ಸಿಯೇನಾ ಎಂಬ ಒಂದೇ ಕುಲಕ್ಕೆ ಸೇರಿಸಿದ್ದ. ಮುಂದೆ ಅವು ಎರಡು ಬೇರೆ ಕುಟುಂಬಗಳ ಪಾಲಾದವು. ವಂಶಾವಳಿಯ ದೃಷ್ಟಿಯಿಂದ ಅದು ತಪ್ಪು ಗುಂಪು. ಆದರೂ ಮೂರೂ ಕತ್ತಲಲ್ಲಿ ಮೇಯುವವೇ ಎಂಬುದು ಕುತೂಹಲದ ಮಾತು.

ಹತ್ತೊಂಬತ್ತನೆಯ ಶತಮಾನದಲ್ಲಿ ಎಣಿಕೆಯದೇ ಕಾರುಬಾರು. ಮದ್ರಾಸ್ ಸೇನೆಯ ವೈದ್ಯ ಫ್ರಾನ್ಸಿಸ್ ಡೇ 1875–78ರಲ್ಲಿ ಹೊರತಂದ ಭಾರತದ ಮೀನುಗಳ ಬೃಹತ್ ಗ್ರಂಥ ಈ ಪದ್ಧತಿಯ ಶಿಖರ: ಮುಳ್ಳೆಷ್ಟು, ಹುರುಪೆಯ ಸಾಲೆಷ್ಟು, ಬಣ್ಣ ಯಾವುದು. ಅದೇ ಪದ್ಧತಿಯಲ್ಲಿ ಹೇಳುವುದಾದರೆ, ಬುಲ್ಸ್ ಐ ಮೀನಿನ ಬೆನ್ನಿನ ರೆಕ್ಕೆಯಲ್ಲಿ ಹತ್ತು ಮುಳ್ಳು, ಗುದದ ರೆಕ್ಕೆಯಲ್ಲಿ ಮೂರು. ಹುರುಪೆ ಚಿಕ್ಕದು, ಒರಟು. ಕೆಳದವಡೆ ಮುಂಚಾಚಿ ಬಾಯಿ ಮೇಲ್ಮುಖವಾಗಿದೆ. ಬಾಲದ ಅಂಚು ಒಳಬಾಗಿದ ಕುಡುಗೋಲು. ಗರಿಷ್ಠ ಉದ್ದ ಸುಮಾರು 45 ಸೆಂಟಿಮೀಟರ್.

ಕಣ್ಣನ್ನು ಅಳೆಯುವುದು ಸುಲಭ. ಆ ಕಣ್ಣು ಯಾಕೆ ಎಂದು ಕೇಳಲು ನೀರಿಗೆ ಇಳಿಯಬೇಕಿತ್ತು. ಮುಳುಗುಗಾರರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಮೇಲೆಯೇ ಅದು ಸಾಧ್ಯವಾಯಿತು. 1966ರಲ್ಲಿ ಸ್ಟಾರ್ಕ್ ಮತ್ತು ಡೇವಿಸ್ ಫ್ಲಾರಿಡಾದ ಆಲಿಗೇಟರ್ ದಿಬ್ಬದ ಮೀನುಗಳ ರಾತ್ರಿಚರ್ಯೆಯನ್ನು ಪ್ರಕಟಿಸಿದರು. ಅದೇ ವರ್ಷ ಸಾಲ್ಮನ್ ಮತ್ತು ವಿನ್ ಹ್ಯಾಮ್ರುರ್‌ನ ಕುಟುಂಬದ ಮೀನುಗಳು ಸದ್ದು ಮಾಡುವುದನ್ನು ವಿವರಿಸಿದರು. ಗಾಳಿಚೀಲಕ್ಕೆ ಅಂಟಿದ ಸ್ನಾಯುಗಳ ಕಂಪನದಿಂದ ಆ ಸದ್ದು ಹುಟ್ಟುತ್ತದೆ. ಎಡ್ಮಂಡ್ ಹಾಬ್ಸನ್ 1970ರ ದಶಕದಲ್ಲಿ ಹವಾಯಿಯ ಕೋನಾ ತೀರದಲ್ಲಿ ಮಾಡಿದ ಕೆಲಸ ಇವೆಲ್ಲಕ್ಕಿಂತ ತೂಕದ್ದು. ಹ್ಯಾಮ್ರುರ್‌ನ ಹತ್ತಿರದ ಬಂಧುವೊಂದು ಹಗಲಿಡೀ ಬಂಡೆಯ ಚಾಚಿನಡಿ ತೂಗಾಡುತ್ತಿದ್ದು, ಸೂರ್ಯ ಮುಳುಗಿದ ಮೇಲೆ ದಿಬ್ಬ ಬಿಟ್ಟು ಹೊರಟು, ನಡುನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು ಹಿಡಿಯುತ್ತದೆಂದು ಆತ ತೋರಿಸಿದ. ಮೇಲ್ಮುಖದ ಬಾಯಿ, ಅಕ್ಷಿಪಟದ ಹಿಂದೆ ಬೆಳಕನ್ನು ಮರಳಿಸುವ ಪದರ, ಎರಡಕ್ಕೂ ಆಗ ಅರ್ಥ ಬಂತು.

ಕೆಂಪು ಬಣ್ಣಕ್ಕೂ ಕಾರಣವಿದೆ. ನೀರು ಮೊದಲು ಹೀರುವುದು ಕೆಂಪು ಬೆಳಕನ್ನೇ. ಆಳದಲ್ಲಿ ಕೆಂಪು ಮೀನು ಮಂಕು ಬೂದಾಗಿ ಕರಗಿಹೋಗುತ್ತದೆ. ಆದರೆ ಹ್ಯಾಮ್ರುರ್ ಬರೀ ಕೆಂಪಲ್ಲ. ನೋಡನೋಡುತ್ತಿದ್ದಂತೆ ಬೆಳ್ಳಿಯ ಬಣ್ಣಕ್ಕೆ ತಿರುಗಬಲ್ಲದು, ಪಟ್ಟೆಯನ್ನೂ ತೋರಬಲ್ಲದು. ಹಗಲಲ್ಲಿ ಸಂದಿಯೊಳಗೇ ಇರುತ್ತದೆಂದೂ ಹೇಳುವಂತಿಲ್ಲ. ಕೆಲವೆಡೆ ದೊಡ್ಡ ಹಿಂಡು ಕಟ್ಟಿ ದಿಬ್ಬದ ಮೇಲೆಯೇ ನಿಂತಿರುತ್ತದೆ. ‘ನಿಶಾಚರಿ’ ಎಂಬ ಹಣೆಪಟ್ಟಿ ಮೇವಿನ ಹೊತ್ತಿಗೆ ಸರಿ, ಇಡೀ ಬಾಳಿಗೆ ಅಲ್ಲ ಎಂಬುದು ನನ್ನ ನಿಲುವು.

ಭಾರತದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1980ರ ದಶಕದ ಸಮೀಕ್ಷಾ ಹಡಗುಗಳು ನೂರು ಮೀಟರಿಗೂ ಆಳದ ಕಡಲತಳದಲ್ಲಿ ಈ ಮೀನು ಹೇರಳವಾಗಿದೆ ಎಂದು ಕಂಡವು. ದಿನಗಟ್ಟಲೆ ಕಡಲಲ್ಲಿ ಉಳಿಯುವ ಟ್ರಾಲ್ ಬೋಟುಗಳು ಅಲ್ಲಿಗೂ ಬಲೆ ಬಿಟ್ಟವು. ಒರಟು ಚರ್ಮ, ಗುಡ್ಡೆಗಣ್ಣು ಕಂಡು ಮೊದಮೊದಲು ಕೊಳ್ಳುವವರು ಕಡಿಮೆ. ಮೀನಿನ ಮಾಂಸವನ್ನು ಅರೆದು ಸುರಿಮಿ ಮಾಡುವ ಕಾರ್ಖಾನೆಗಳು ಬಂದ ಮೇಲೆ ಬೆಲೆ ಬಂತು. ಹೀಗಾಗಿ ನಮ್ಮ ಅಧ್ಯಯನಗಳು ಹೆಚ್ಚಾಗಿ ಉದ್ದ, ತೂಕ, ಮೊಟ್ಟೆಯ ಸಂಖ್ಯೆ, ಕಡಲಲ್ಲಿರುವ ಮೀನಿನ ಪ್ರಮಾಣಗಳ ಸುತ್ತ ನಿಂತಿವೆ. ಹೊಟ್ಟೆ ಸೀಳಿ ಸಿಗಡಿ, ಏಡಿ, ಬೊಂಡಾಸ್, ಸಣ್ಣ ಮೀನು ಎಂದು ಬರೆದರಷ್ಟೇ ಸಾಲದು. ಅದನ್ನು ತಿಂದದ್ದು ಯಾವ ಹೊತ್ತಿನಲ್ಲಿ ಎಂಬುದು ಬಲೆ ಎಳೆದ ಹೊತ್ತು ತಿಳಿದರೆ ಮಾತ್ರ ಗೊತ್ತಾದೀತು. ಬಂದರುಗಳಲ್ಲಿ ಮಾದರಿ ಸಂಗ್ರಹಿಸುವ ಯುವ ಸಂಶೋಧಕರು ಬೋಟಿನ ತಾಂಡೇಲರನ್ನು ಕೇಳಿ, ತೂಕದ ಪಕ್ಕದಲ್ಲಿ ಗಂಟೆಯನ್ನೂ ಬರೆದಿಡಬೇಕು.