ತೋಟೆಯ ಲೆಕ್ಕ

ಕೊಡಗಿನ ಕೋವಿ ವಿನಾಯಿತಿಯ ಮಾತು ಬಂದಾಗಲೆಲ್ಲ ಚರ್ಚೆ ಕೋವಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಅದು ಸಂಸ್ಕೃತಿಯ ಕುರುಹೋ ಅಥವಾ ಸವಲತ್ತೋ, ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು ಸಮಾನತೆಗೆ ವಿರುದ್ಧವೋ ಅಲ್ಲವೋ ಎಂಬಲ್ಲಿಗೆ ಮಾತು ಮುಗಿದುಹೋಗುತ್ತದೆ. ಆದರೆ ವಿನಾಯಿತಿಯ ಅಧಿಸೂಚನೆಯನ್ನು ಕೊನೆಯವರೆಗೆ ಓದಿದವರಿಗೆ ಅಲ್ಲೊಂದು ಷರತ್ತು ಸಿಗುತ್ತದೆ. ವಿನಾಯಿತಿ ಪಡೆದ ವ್ಯಕ್ತಿ ಕೊಡಗಿನ ಹೊರಗೆ ವಾಸವಾಗಿದ್ದಾಗ ಅಥವಾ ಪ್ರಯಾಣ ಮಾಡುವಾಗ ತನ್ನ ಬಳಿ ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟೆ ಅಥವಾ ಅಷ್ಟಕ್ಕೆ ಸಮನಾದ ಸೀಸದ ಚರೆ ಮತ್ತು ಮದ್ದನ್ನು ಮೀರಿ ಇಟ್ಟುಕೊಳ್ಳುವಂತಿಲ್ಲ. 'ಅಷ್ಟಕ್ಕೆ ಸಮನಾದ ಚರೆ ಮತ್ತು ಮದ್ದು' ಎನ್ನುವ ಮಾತು ನನಗೆ ಬಹಳ ಕುತೂಹಲದ್ದು. ಕೇಪಿನ ಕೋವಿಯ ಬಾಯಿಗೆ ಮದ್ದು ಸುರಿದು, ಚರೆ ಹಾಕಿ, ಗಜದಿಂದ ಜಡಿಯುತ್ತಿದ್ದ ಕಾಲದ ಲೆಕ್ಕ ಅದು. ಕೋವಿಗೆ ಲೈಸೆನ್ಸ್ ಬೇಡ ಎಂದ ಸರ್ಕಾರ ಕೂಡ ತೋಟೆಯನ್ನು ಎಣಿಸುವುದನ್ನು ಬಿಟ್ಟಿಲ್ಲ.

ಹೀಗೆ ಎಣಿಸುವುದಕ್ಕೆ ಕಾರಣ ಸರಳವಾಗಿದೆ. ಕೋವಿ ಮೂರು ತಲೆಮಾರು ಬಾಳುತ್ತದೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಎಣ್ಣೆ ಹಚ್ಚಿ ಒರೆಸಿಟ್ಟುಕೊಳ್ಳುತ್ತಾನೆ. ತೋಟೆ ಹಾಗಲ್ಲ. ಅದು ಒಂದೇ ಸಲದ್ದು, ಖರ್ಚಾದ ಮೇಲೆ ಮತ್ತೆ ಅಂಗಡಿಗೆ ಹೋಗಲೇಬೇಕು. ಹಾಗೆ ಅಂಗಡಿಗೆ ಹೋದಾಗಲೆಲ್ಲ ಕೋವಿಯ ಯಜಮಾನ ಸರ್ಕಾರದ ಕಣ್ಣಿಗೆ ಬೀಳುತ್ತಾನೆ. ಭಾರತದಲ್ಲಿ ಈಗ ಲೈಸೆನ್ಸ್ ಪುಸ್ತಕದಲ್ಲಿ ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದು ಎಂದು ನಮೂದಾಗಿರುತ್ತದೆ. ಮಾರಿದವನು ತನ್ನ ರಿಜಿಸ್ಟರಿನಲ್ಲೂ ಬರೆಯಬೇಕು. ಈ ಸಂಖ್ಯೆಯನ್ನು ಇಳಿಸುವ ಅಥವಾ ಲೆಕ್ಕವನ್ನು ಬಿಗಿ ಮಾಡುವ ಪ್ರಸ್ತಾಪ ಎದ್ದಾಗಲೆಲ್ಲ ಕೋವಿ ಇಟ್ಟವರಿಗೆ ಆತಂಕವಾಗುತ್ತದೆ. ಆ ಆತಂಕವನ್ನು 'ಗನ್ ಹುಚ್ಚು' ಎಂದು ತಳ್ಳಿಹಾಕುವುದು ಸುಲಭ. ಕನ್ನಡ ನಾಡಿನ ಚರಿತ್ರೆಯಲ್ಲಿ ಅದಕ್ಕೆ ಬೇರೆಯೇ ಬೇರುಗಳಿವೆ.

1857ರ ದಂಗೆಯ ವರ್ಷದಲ್ಲೇ ಬ್ರಿಟಿಷರು 28ನೆಯ ಕಾಯ್ದೆಯಾಗಿ ಆಯುಧ ನಿಯಂತ್ರಣವನ್ನು ತಂದರು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಆಯುಧ ಒಪ್ಪಿಸಲು ನಿರಾಕರಿಸಿದ ಕಥೆ ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಸೈನ್ಯ ಬಂತು, ಊರು ಸುಟ್ಟಿತು, ಸೆರೆ ಸಿಕ್ಕವರಲ್ಲಿ ಹಲವರನ್ನು ನೇಣಿಗೇರಿಸಿದರು. ಆ ಘಟನೆಯ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ. ಎಫ್. ಫ್ಲೀಟ್, ಅದೇ ಸರ್ಕಾರದ ಅಧಿಕಾರಿ. ಬೇಟೆಯನ್ನೇ ನಂಬಿದ ಸಮುದಾಯಕ್ಕೆ ಆಯುಧ ಒಪ್ಪಿಸು ಎನ್ನುವುದು ಒಕ್ಕಲಿಗನಿಗೆ ನೇಗಿಲು ಒಪ್ಪಿಸು ಎಂದಂತೆ. ನಾವು ಹಲಗಲಿಯನ್ನು ಸ್ವಾತಂತ್ರ್ಯ ಹೋರಾಟದ ಅಧ್ಯಾಯವಾಗಿ ಓದುತ್ತೇವೆ. ಅದು ಸರಿಯೇ. ಆದರೆ ಅದು ಆಯುಧ ಕಾಯ್ದೆಯ ಚರಿತ್ರೆಯ ಅಧ್ಯಾಯವೂ ಹೌದು ಎಂಬುದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಹೇಳುವುದಿಲ್ಲ.

ಇದಾಗಿ ನಾಲ್ಕು ವರ್ಷ ತುಂಬುವ ಮೊದಲೇ, 1861ರ ಫೆಬ್ರುವರಿಯಲ್ಲಿ, ಮೈಸೂರಿನ ಜೊತೆಗೆ ಕೊಡಗಿನ ಆಡಳಿತವನ್ನೂ ನೋಡುತ್ತಿದ್ದ ಮಾರ್ಕ್ ಕಬ್ಬನ್ ಒಂದು ಘೋಷಣೆ ಹೊರಡಿಸಿದ. 1860ರಲ್ಲಿ ಬಂದಿದ್ದ ನಿರಾಯುಧೀಕರಣ ಕಾಯ್ದೆಯಿಂದ ಕೊಡವರಿಗೆ ವಿನಾಯಿತಿ. ಕಾರಣವಾಗಿ ಹೇಳಿದ್ದು ಅವರ ನಿಷ್ಠೆ ಮತ್ತು ಧೈರ್ಯ. ಈ ನಿಷ್ಠೆಗೆ ಹಿನ್ನೆಲೆ ಇತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ನುಂಗಿತು. 1837ರಲ್ಲಿ ಅಮರಸುಳ್ಯದ ರೈತರು ದಂಗೆಯೆದ್ದು ಮಂಗಳೂರಿನವರೆಗೆ ನುಗ್ಗಿದಾಗ ಅದನ್ನು ಅಡಗಿಸಲು ಕೊಡಗಿನ ದಿವಾನರೂ ಹಲವು ಕೊಡವರೂ ಕಂಪನಿಯ ಪಕ್ಷ ವಹಿಸಿದರು. ಅವರಿಗೆ ಪದಕಗಳೂ ಬಂದವು. 1857ರಲ್ಲೂ ಕೊಡಗು ಅಲುಗಲಿಲ್ಲ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹಲಗಲಿಯ ಬೇಡ ಮತ್ತು ಕೊಡಗಿನ ಕೊಡವ, ಇಬ್ಬರದೂ ಬೇಟೆಯ ಪರಂಪರೆ. ಇಬ್ಬರ ಮನೆಯಲ್ಲೂ ಆಯುಧ ದೈವದ ಸಮಾನ. ಒಬ್ಬನಿಗೆ ನೇಣು ಸಿಕ್ಕಿತು, ಇನ್ನೊಬ್ಬನಿಗೆ ವಿನಾಯಿತಿ. ಕಾನೂನು ನೋಡಿದ್ದು ಆಯುಧದ ಅಪಾಯವನ್ನಲ್ಲ, ಅದನ್ನು ಹಿಡಿದವನು ಯಾರ ಕಡೆ ಎಂಬುದನ್ನು. ಕೊಡವರನ್ನು ದೂರುವುದಕ್ಕೆ ನಾನಿದನ್ನು ಹೇಳುತ್ತಿಲ್ಲ. 1861ರಲ್ಲಿ ಯಾವ ಸಮುದಾಯಕ್ಕೆ ಇಂಥ ಅವಕಾಶ ಸಿಕ್ಕಿದ್ದರೂ ಬೇಡ ಎನ್ನುತ್ತಿರಲಿಲ್ಲ.

ಲಾರ್ಡ್ ಲಿಟ್ಟನ್ ಕಾಲದ 1878ರ ಆಯುಧ ಕಾಯ್ದೆ ಈ ಭೇದವನ್ನು ಇಡೀ ದೇಶಕ್ಕೆ ಹರಡಿತು. ದೇಶಭಾಷಾ ಪತ್ರಿಕೆಗಳ ಬಾಯಿಗೆ ಬೀಗ ಹಾಕಿದ್ದೂ ಅದೇ ವರ್ಷ. ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ, ಯುರೋಪಿಯನ್ನರಿಗೆ ವಿನಾಯಿತಿ. ಈ ಜನಾಂಗ ಭೇದ ಸಡಿಲವಾದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆಯೇ. 1887ರ ಮದ್ರಾಸ್ ಅಧಿವೇಶನದಲ್ಲಿ ಕಾಂಗ್ರೆಸ್ ಈ ಕಾಯ್ದೆಯ ಬದಲಾವಣೆ ಕೇಳಿತು. ಮುಂದೆ ಅಹಿಂಸೆಯ ಗಾಂಧಿಯೇ 1918ರಲ್ಲಿ ಇದನ್ನು ಬ್ರಿಟಿಷರ ಕರಾಳ ಕೃತ್ಯಗಳ ಸಾಲಿಗೆ ಸೇರಿಸಿ ಬರೆದದ್ದು ಈಗ ಓದುವವರಿಗೆ ವಿಚಿತ್ರವಾಗಿ ಕಾಣಬಹುದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಕಾಯ್ದೆ 'ಮದ್ದುಗುಂಡು' ಎಂಬ ಪದಕ್ಕೆ ಕೊಟ್ಟ ವ್ಯಾಖ್ಯಾನ. ರಾಕೆಟ್, ಡೈನಮೈಟ್, ಕೋವಿಯ ಬೆಣಚುಕಲ್ಲು, ಮದ್ದನ್ನು ಒತ್ತಲು ತುರುಕುವ ಬಿರಡೆ, ಕೇಪು, ಮದ್ದುಗುಂಡು ತಯಾರಿಸುವ ಯಂತ್ರ, ಎಲ್ಲವೂ ಅದರೊಳಗೆ ಬಂದವು. ಆದರೆ ಸೀಸ, ಗಂಧಕ, ಪೆಟ್ಲುಪ್ಪು ಬರುವುದಿಲ್ಲ ಎಂದು ಅಲ್ಲೇ ಬರೆದರು. ಬರೆಯಲೇಬೇಕಿತ್ತು. ಈ ಮೂರೂ ಸಂತೆಯಲ್ಲಿ ಸಿಗುವ ಸಾಮಾನು, ಔಷಧಿಗೂ ಕಲಾಯಿಗೂ ಪಟಾಕಿಗೂ ಬೇಕಾದದ್ದು. ಇದ್ದಿಲ ಜೊತೆಗೆ ಪೆಟ್ಲುಪ್ಪು, ಗಂಧಕ ಅರೆದರೆ ಮದ್ದು ಎಂಬುದು ಹಳ್ಳಿಯಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಸರ್ಕಾರ ಮದ್ದನ್ನು ಕಟ್ಟಿಹಾಕಿತು, ಮದ್ದಿನ ಮೂಲವನ್ನು ಕಟ್ಟಿಹಾಕಲಾಗಲಿಲ್ಲ. ಕಾರ್ಖಾನೆಯ ಹಿತ್ತಾಳೆ ತೋಟೆ ಬಂದ ಮೇಲೆ ಈ ತೊಡಕು ತಾನಾಗಿ ಕಡಿಮೆಯಾಯಿತು. ಮನೆಯಲ್ಲಿ ಮದ್ದು ಅರೆಯಬಹುದು, ಕೇಪು ಕೂರಿಸಿದ ತೋಟೆಯನ್ನು ಮನೆಯಲ್ಲಿ ಹುಟ್ಟಿಸುವುದು ಕಷ್ಟ. ಪುಣೆಯ ಬಳಿಯ ಖಡ್ಕಿಯಲ್ಲಿ 1869ರಲ್ಲಿ ಸರ್ಕಾರಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಸ್ವತಂತ್ರ ಭಾರತದಲ್ಲಿ ದಶಕಗಳ ಕಾಲ ಅಂಗಡಿಯಲ್ಲಿ ಸಿಗುವ 12 ಬೋರ್ ತೋಟೆಯೆಂದರೆ ಹೆಚ್ಚಾಗಿ ಅಲ್ಲಿಂದ ಬಂದ 'ಶಕ್ತಿಮಾನ್'. ತಯಾರಿಸುವವನೂ ಸರ್ಕಾರ, ಎಷ್ಟು ಕೊಳ್ಳಬೇಕೆಂದು ಹೇಳುವವನೂ ಸರ್ಕಾರ. ಕೋವಿ ಇಟ್ಟವರ ಗೊಣಗಾಟಕ್ಕೆ ಇದೂ ಒಂದು ಕಾರಣ.

ಈಗ ಕೊಡಗಿನ ಒಂದು ಮನೆಯಲ್ಲಿ ತೋಟೆ ಹೇಗೆ ಖರ್ಚಾಗುತ್ತದೆ ನೋಡೋಣ. ಸಂಪ್ರದಾಯದಂತೆ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಎರಡು, ಒಂದರ ಹಿಂದೊಂದು. ಬೆಟ್ಟದ ಆಚೆಗಿನ ಮನೆಗೆ ಸುದ್ದಿ ಮುಟ್ಟುತ್ತಿದ್ದದ್ದು ಹಾಗೆ. ಪುತ್ತರಿಯಲ್ಲಿ ಗದ್ದೆಗಿಳಿದು ಕದಿರು ಕೊಯ್ಯುವಾಗ ಗುಂಡು. ನಾಟಿ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಬರುವ ಕೈಲ್‌ಪೋಳ್ದ್ ಹಬ್ಬಕ್ಕೆ ಕೋವಿಯ ಬಾಯಿಗೆ ತೋಕ್‌ಪೂ ಸಿಕ್ಕಿಸಿ ಪೂಜೆ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಪೈಪೋಟಿ. ಇದರ ಜೊತೆಗೆ ಹಬ್ಬಕ್ಕೆ ಸೇರದ ಖರ್ಚೂ ಇದೆ. ಗದ್ದೆಗೆ ಬರುವ ಹಂದಿಯನ್ನು, ತೋಟಕ್ಕೆ ನುಗ್ಗುವ ಆನೆಯನ್ನು ಬೆದರಿಸಲು ರಾತ್ರಿ ಆಕಾಶಕ್ಕೆ ಹೊಡೆಯುವ ಈಡುಗಳು. ವರ್ಷಕ್ಕೆ ಇಷ್ಟೇ ಎಂದು ಕಚೇರಿಯಲ್ಲಿ ಕೂತು ಬರೆಯುವವನಿಗೆ ಆ ವರ್ಷ ಎಷ್ಟು ಸಾವು, ಹಂದಿಯ ಹಿಂಡು ಎಷ್ಟು ಸಲ ಬಂತು ಎಂಬುದು ತಿಳಿಯುವುದಿಲ್ಲ. ಸುಳ್ಯ, ಪುತ್ತೂರು, ಮಲೆನಾಡಿನ ರೈತರದೂ ಇದೇ ಅಳಲು. ಅವರಿಗೆ ವಿನಾಯಿತಿ ಇಲ್ಲ, ಲೈಸೆನ್ಸ್ ಇದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಮತದಾನದ ದಿನಾಂಕವನ್ನು ಮಂಗಗಳಿಗೆ ಯಾರೂ ತಿಳಿಸಿರುವುದಿಲ್ಲ.

ಸರ್ಕಾರದ ಪ್ರಶ್ನೆಯೂ ಹುರುಳಿಲ್ಲದ್ದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧ. ಹಾಗಿದ್ದ ಮೇಲೆ ಕೊಂಡ ತೋಟೆಗಳು ಹೋಗುವುದೆಲ್ಲಿಗೆ? ಆ ಕಾಯ್ದೆಯ 34ನೆಯ ಕಲಮು ಅಭಯಾರಣ್ಯದೊಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ, ಆಯುಧ ಇಟ್ಟುಕೊಂಡವರೆಲ್ಲ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು ಎನ್ನುತ್ತದೆ. ಲೈಸೆನ್ಸ್ ಇದ್ದವರಷ್ಟೇ ಅಲ್ಲ, ಆಯುಧ ಕಾಯ್ದೆಯಿಂದ ವಿನಾಯಿತಿ ಪಡೆದವರೂ ಎಂದು ಬಿಡಿಸಿ ಹೇಳಿದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳಿರುವ ಜಿಲ್ಲೆಯಲ್ಲಿ ಇದರ ವ್ಯಾಪ್ತಿ ಎಷ್ಟೆಂದು ನಕಾಶೆ ನೋಡಿದರೆ ಗೊತ್ತಾಗುತ್ತದೆ. ಕಬ್ಬನ್ ಬರೆಯದೇ ಬಿಟ್ಟ ಪಟ್ಟಿಯನ್ನು ಅರಣ್ಯ ಕಾನೂನು ಬೇರೆ ಬಾಗಿಲಿನಿಂದ ತಂದಿತು. ಕಾಡುಪ್ರಾಣಿಯ ಪರವಾಗಿ ಯೋಚಿಸಿದರೆ ಈ ಲೆಕ್ಕ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಕೋವಿಯನ್ನು ಬಿಟ್ಟು ಗುಂಡನ್ನು ಹಿಡಿಯಬೇಕು ಎಂಬ ವಾದಕ್ಕೆ ಆಧುನಿಕ ಕಾಲದಲ್ಲಿ ದೊಡ್ಡ ದನಿ ಕೊಟ್ಟವರು ಅಮೆರಿಕದ ಸೆನೆಟರ್ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್. 1973ರಿಂದ 1975ರವರೆಗೆ ದೆಹಲಿಯಲ್ಲಿ ರಾಯಭಾರಿಯಾಗಿದ್ದವರು. ದೇಶದಲ್ಲಿರುವ ಬಂದೂಕುಗಳು ಶತಮಾನಗಳ ಕಾಲ ಕೆಲಸ ಮಾಡುತ್ತವೆ, ಗುಂಡುಗಳ ದಾಸ್ತಾನಾದರೋ ಕೆಲವೇ ವರ್ಷಗಳದ್ದು ಎಂಬುದು ಅವರ ತರ್ಕ. 1993ರಲ್ಲಿ ಕೆಲವು ಬಗೆಯ ಗುಂಡುಗಳ ಮೇಲೆ ವಿಪರೀತ ತೆರಿಗೆ ಹಾಕುವ ಸಲಹೆಯನ್ನೂ ಮುಂದಿಟ್ಟರು. ಅದು ಕಾನೂನಾಗಲಿಲ್ಲ. 1968ರ ಕಾನೂನು ಗುಂಡು ಕೊಂಡವರ ಹೆಸರು ಬರೆದಿಡಬೇಕೆಂದಿತ್ತು, 1986ರಲ್ಲಿ ಅದರ ಬಹುಪಾಲನ್ನು ತೆಗೆದುಹಾಕಿದರು. 2016ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಗುಂಡು ಖರೀದಿಗೆ ಹಿನ್ನೆಲೆ ತಪಾಸಣೆ ಬೇಕೆಂದು ಒಪ್ಪಿದರು. 2019ರ ಜುಲೈಯಿಂದ ಪ್ರತಿ ಖರೀದಿಗೂ ಅದು ಜಾರಿಗೆ ಬಂತು. ಅಲ್ಲಿನ ಬಂದೂಕುದಾರರ ದೂರುಗಳು ನಮಗೆ ಹೊಸವೇನಲ್ಲ: ಖರ್ಚು, ವಿಳಂಬ, ದಾಖಲೆಯಲ್ಲಿ ಸಣ್ಣ ವ್ಯತ್ಯಾಸಕ್ಕೆ ತಿರಸ್ಕಾರ, ಇಂದಿನ ಪಟ್ಟಿ ನಾಳೆ ಜಪ್ತಿಗೆ ದಾರಿ ಎಂಬ ಭಯ. 2024ರ ಜನವರಿಯಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಅದನ್ನು ಸಂವಿಧಾನಬಾಹಿರ ಎಂದರು, ವ್ಯಾಜ್ಯ ಮೇಲಿನ ನ್ಯಾಯಾಲಯಕ್ಕೆ ಹೋಯಿತು.

ಭಯ ಒಂದೇ ಆದರೂ ನಿಂತ ನೆಲ ಬೇರೆ. ಅಮೆರಿಕದವನು ಸಂವಿಧಾನದ ಎರಡನೇ ತಿದ್ದುಪಡಿಯನ್ನು ತೋರಿಸಿ ಹಕ್ಕು ಎನ್ನುತ್ತಾನೆ. ನಮ್ಮಲ್ಲಿ 1959ರ ಆಯುಧ ಕಾಯ್ದೆಯ ಕೆಳಗೆ ಯಾರಿಗೂ ಅಂಥ ಹಕ್ಕಿಲ್ಲ. ಇರುವುದು ಅನುಮತಿ, ಇಲ್ಲವೇ ವಿನಾಯಿತಿ. ಎರಡನ್ನೂ ಕೊಟ್ಟವರೇ ಹಿಂತೆಗೆದುಕೊಳ್ಳಬಹುದು. ಕೊಡಗಿನವರ ಆತಂಕದ ತಿರುಳು ಇಲ್ಲಿದೆ. 2019ರ ಕೊನೆಯಲ್ಲಿ ತಿದ್ದುಪಡಿ ಮಸೂದೆ ಬಂದಾಗ ಒಬ್ಬರಿಗೆ ಒಂದೇ ಬಂದೂಕು ಎಂಬ ಪ್ರಸ್ತಾಪವಿತ್ತು. ಅಜ್ಜನ ಕಾಲದ ಕೋವಿಗಳ ಗತಿಯೇನು ಎಂಬ ಆಕ್ಷೇಪಗಳ ನಡುವೆ ಅದು ಎರಡಕ್ಕೇರಿತು, ಮೊದಲು ಮೂರಿತ್ತು. ಅದಕ್ಕೆ ಸ್ವಲ್ಪ ಮೊದಲು, ಅಕ್ಟೋಬರಿನಲ್ಲಿ, ಕೇಂದ್ರ ಸರ್ಕಾರ ಕೊಡಗಿನ ವಿನಾಯಿತಿಯನ್ನು ಹೊಸದಾಗಿ ಪ್ರಕಟಿಸಿತ್ತು, ಹತ್ತು ವರ್ಷದ ಗಡುವಿನೊಂದಿಗೆ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು.

ವಿನಾಯಿತಿಯ ಭಾಷೆ ಮಾತ್ರ ಹಳೆಯದೇ. 'ಕೊಡಗು ಜನಾಂಗದ ಪ್ರತಿಯೊಬ್ಬ ವ್ಯಕ್ತಿ ಮತ್ತು ಪ್ರತಿಯೊಬ್ಬ ಜಮ್ಮಾ ಹಿಡುವಳಿದಾರ' ಎನ್ನುವುದು ಅದರ ಧಾಟಿ. ಜಮ್ಮಾ ಎಂದರೆ ಸೈನಿಕ ಸೇವೆಗೆ ಪ್ರತಿಯಾಗಿ ರಾಜರು ಕೊಟ್ಟ ವಂಶಪಾರಂಪರ್ಯದ ಭೂಮಿ. ಹಿಡುವಳಿದಾರರಲ್ಲಿ ಅರೆಭಾಷೆ ಗೌಡರೂ ಇದ್ದಾರೆ. ಈ ಎರಡು ವಾಕ್ಯಾಂಶಗಳ ನಡುವೆ ಜಾಗ ಸಿಗದವರು ಯರವರು, ಜೇನುಕುರುಬರು. ಅದೇ ಕಾಡಿನಂಚಿನಲ್ಲಿ, ಅದೇ ಆನೆಯ ದಾರಿಯಲ್ಲಿ, ಬೇರೆಯವರ ಕಾಫಿ ತೋಟದ ಲೈನ್ ಮನೆಗಳಲ್ಲಿ ಮಲಗುವವರು. ಸುತ್ತಲಿನ ಕಾಡಿನಲ್ಲಿ ಬೇಟೆಯಾಡಿ ಬದುಕಿದ ಅವರ ನೆನಪು ಜಮ್ಮಾ ಪತ್ರಗಳಿಗಿಂತ ಹಳೆಯದು. ತೋಟೆಯ ಮಿತಿ 100 ಇರಬೇಕೋ 500 ಇರಬೇಕೋ ಎಂಬ ವಾದದಲ್ಲಿ ಅವರ ಪಾಲು ಸೊನ್ನೆ. ಯಾವ ಅಧಿಸೂಚನೆಯೂ ಅವರನ್ನು ನಿಷ್ಠೆಗಾಗಿ ಗುರುತಿಸಿಲ್ಲ, ಹಲಗಲಿಯ ಬೇಡರನ್ನು ಗುರುತಿಸದಿದ್ದಂತೆ.

ಈಗಿನ ವಿನಾಯಿತಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಆ ಹೊತ್ತಿಗೆ ಹೊಸ ಅಧಿಸೂಚನೆಯ ಕರಡು ಯಾರ ಮೇಜಿನ ಮೇಲಾದರೂ ಇರಲೇಬೇಕು. ಕೇಪಿನ ಕೋವಿಯ ಕಾಲದ ಆ ಮದ್ದು, ಚರೆಯ ಲೆಕ್ಕವನ್ನು ಅದರಲ್ಲಿ ಹಾಗೇ ನಕಲು ಮಾಡುತ್ತಾರೋ, ತೋಟೆಗೆ ಬೇರೆ ಸಂಖ್ಯೆ ಬರೆಯುತ್ತಾರೋ, 'ಜನಾಂಗ' ಎಂಬ ಪದವನ್ನು ಮತ್ತೆ ಬಳಸುತ್ತಾರೋ ಎಂಬುದನ್ನು ನೋಡಲು ನಾನಂತೂ ಕಾಯುತ್ತಿದ್ದೇನೆ.